ಅಕ್ಕ ಕೇಳಿದ ಕಾಯ್ದೆ

ನಾನು ಹೈಸ್ಕೂಲಿನಲ್ಲಿ ಪೌರನೀತಿ ಕಲಿಸುವ ಮಾಸ್ತರ. ಪ್ರತಿ ವರ್ಷ ದಸರೆಯ ರಜೆಗೆ ಮುಂಚೆ ಮೂಲಭೂತ ಹಕ್ಕುಗಳ ಪಾಠ ಮುಗಿಸಿಬಿಡುತ್ತೇನೆ. ಸಮಾನತೆಯ ಹಕ್ಕು, ಸ್ವಾತಂತ್ರ್ಯದ ಹಕ್ಕು ಎಂದು ದಪ್ಪ ಅಕ್ಷರದಲ್ಲಿ ಬರೆದು, ಕೆಳಗೆ ಗೆರೆ ಎಳೆದು, ಕೈಯ ಸುಣ್ಣ ಜಾಡಿಸಿಕೊಂಡು ಮನೆಗೆ ಬರುತ್ತೇನೆ. ಇಷ್ಟು ವರ್ಷ ಕಲಿಸಿದರೂ ಆ ಹಕ್ಕುಗಳಿಂದ ನನಗೆ ಯಾವ ತೊಂದರೆಯೂ ಆಗಿರಲಿಲ್ಲ. ಹಕ್ಕು ಎಂಬುದು ಕರಿಹಲಗೆಯ ಮೇಲಿರುವತನಕ ಬಹಳ ಚೆಂದದ ವಸ್ತು. ಅದು ಗಾಡಿ ಇಳಿದು, ಕೈಯಲ್ಲೊಂದು ಗಂಟು ಹಿಡಿದು, ನಮ್ಮ ಪಡಸಾಲೆಗೆ ಬಂದು ಕೂತು, ನಮ್ಮದೇ ಬಟ್ಟಲಿನಲ್ಲಿ ಚಹಾ ಕುಡಿಯತೊಡಗಿದರೆ ಮಾತ್ರ ಮೈ ಪರಚಿಕೊಳ್ಳುವಂತಾಗುತ್ತದೆ.

ಹಾಗೆ ನೋಡಿದರೆ ನಮ್ಮ ಧಾರವಾಡದಲ್ಲಿ ಕಾಯ್ದೆ ಕೇಳದ ಮನುಷ್ಯನೇ ಇಲ್ಲ. ಊರಿನಲ್ಲಿ ವಕೀಲರೂ ಅಷ್ಟೇ ಮಂದಿ ಇದ್ದಾರೆ. ಸಂಜೆ ಅಡ್ಡಾಡಲು ಹೋದವರು ಇಬ್ಬರನ್ನಾದರೂ ಎದುರುಗೊಳ್ಳದೆ ಮರಳುವುದಿಲ್ಲ. ಒಮ್ಮೆ ಮಗ್ಗುಲ ಮನೆಯ ನುಗ್ಗೆ ಗಿಡದ ಟೊಂಗೆ ನಮ್ಮ ಹಿತ್ತಲಿಗೆ ಬಾಗಿತ್ತು. ಅದರ ಕಾಯಿ ಯಾರದು ಎಂದು ನಾನು ಕುಲಕರ್ಣಿ ವಕೀಲರನ್ನು ಕೇಳಿದೆ. ಟೊಂಗೆ ಕಡಿಯುವ ಹಕ್ಕು ನಿಮ್ಮದು, ಕಾಯಿಯ ಹಕ್ಕು ಅವರದು, ಆದರೆ ಕಾಯಿ ಹರಿಯಲು ನಿಮ್ಮ ಹಿತ್ತಲಿಗೆ ಬರುವ ಹಕ್ಕು ಅವರಿಗಿಲ್ಲ ಎಂದು ಅವರು ವಿವರಿಸಿದರು. ಈ ವಿವರವನ್ನು ಮನಸ್ಸಿನಲ್ಲಿ ಹೊಂದಿಸಿಕೊಳ್ಳುತ್ತ ಮನೆಗೆ ಬಂದರೆ ಹೆಂಡತಿ ಪಾರ್ವತಿ ಆ ಕಾಯಿಗಳ ಸಾರು ಮಾಡಿ ಅರ್ಧ ತಂಬಿಗೆ ಮಗ್ಗುಲ ಮನೆಗೂ ಕೊಟ್ಟಿದ್ದಳು. ಅಂದಿನಿಂದ ಕಾಯ್ದೆ ಎಂದರೆ ನನಗೆ ಊಟದ ನಂತರ ಅಗಿಯುವ ಅಡಕೆಯಿದ್ದಂತೆ. ಬಾಯಿಗೆ ರುಚಿ, ಹೊಟ್ಟೆಗೆ ಭಾರವಿಲ್ಲ.

ಇಂಥ ನನ್ನ ಮನೆಗೆ ಒಂದು ಶುಕ್ರವಾರ ಮುಗದದಿಂದ ಅಕ್ಕ ಬಂದಳು. ನೀಲವ್ವ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಅಪ್ಪನಿಗೆ ನಾವಿಬ್ಬರೇ ಮಕ್ಕಳು; ಅವ್ವ ಅಪ್ಪನಿಗಿಂತ ಮೊದಲೇ ಹೋಗಿದ್ದಳು. ಅವಳನ್ನು ಕೊಟ್ಟದ್ದು ಮುಗದದ ಒಂದು ಒಕ್ಕಲುತನದ ಮನೆಗೆ. ವರ್ಷಕ್ಕೆ ಎರಡು ಸಲ ಹೊಸ ಅಕ್ಕಿ, ಅಗಸಿ ಹಿಂಡಿ ತಂದುಕೊಟ್ಟು, ಒಂದು ಹೊತ್ತು ಉಂಡು ಹೋಗುವುದು ಅವಳ ರೂಢಿ. ಈ ಸಲ ಮಾತ್ರ ಗಂಟು ಬಿಚ್ಚುವುದಕ್ಕೂ ಮೊದಲು, ನೆಲದ ಮೇಲೆ ಕೂತವಳೇ ಕೇಳಿದಳು:

“ತಮ್ಮಾ, ನೀ ಸಾಲ್ಯಾಗ ಕಾಯ್ದೆ ಕಲಸಾಂವ. ಅಪ್ಪನ ಮನ್ಯಾಗ ಹೆಣ್ಣಮಗಳಿಗೂ ಹಕ್ಕು ಐತಿ ಅಂತಾರಲ್ಲ, ಖರೇ ಏನು?”

ಹೆಣ್ಣುಮಕ್ಕಳಿಗೂ ಪಾಲು ಕೊಟ್ಟ ಐವತ್ತಾರರ ಹೊಸ ಕಾಯ್ದೆ ಬಂದು ಒಂದೆರಡು ವರ್ಷಕ್ಕೆ ನಮ್ಮಪ್ಪ ತೀರಿಕೊಂಡಿದ್ದರು. ಮೃತ್ಯುಪತ್ರ ಬರೆದಿರಲಿಲ್ಲ. ನಾವು ಕೂತ ಆ ನಾಲ್ಕು ಕೋಲಿಯ ಮನೆ ಅವರು ಕಟ್ಟಿಸಿದ್ದು. ತರಗತಿಯಲ್ಲಾಗಿದ್ದರೆ ಇದಕ್ಕೆ ಒಂದೇ ವಾಕ್ಯದ ಉತ್ತರ ಸಾಕಿತ್ತು. ಆದರೆ ನಾನು, ಇದು ಬಹಳ ತೊಡಕಿನ ವಿಷಯ, ವಕೀಲರನ್ನೇ ಕೇಳಬೇಕು ಎಂದೆ. “ಕೇಳು ಹಂಗಾರ. ತಿಳಕೊಂಡ ಹೋಗತೇನಿ,” ಎಂದು ಅಕ್ಕ ಕಾಲು ಚಾಚಿ ಕೂತಳು.

ಅಲ್ಲಿಂದ ಮೂರು ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅಕ್ಕ ಮನೆಯೊಳಗೆ ಅಡ್ಡಾಡಿದರೆ ಅಳತೆ ಹಾಕುತ್ತಿದ್ದಾಳೆ ಅನ್ನಿಸುತ್ತಿತ್ತು. ಮೂಡಣ ಕೋಲಿಯ ಕಿಡಕಿಯ ಬಳಿ ನಿಂತು, ಇಲ್ಲಿ ಗಾಳಿ ಛಲೋ ಬರುತ್ತದೆ ಎಂದು ಅವಳು ಅಂದದ್ದೇ ಆ ಕೋಲಿ ಹೋಯಿತೆಂದು ನಾನು ನಿಶ್ಚಯಿಸಿದೆ. ಹಿತ್ತಲಿನಲ್ಲಿ ಕರಿಬೇವಿನ ಗಿಡಕ್ಕೆ ನೀರು ಹಾಕಿದಳು, ಹಿತ್ತಲೂ ಹೋಯಿತು. ಪಾರ್ವತಿಗೆ ವಿಷಯ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ಅಕ್ಕನನ್ನೇ ಕೇಳಿಬಿಡಿ ಎಂದಳು. ಅಷ್ಟು ಸರಳ ದಾರಿ ಇದ್ದಿದ್ದರೆ ವಕೀಲರೇಕೆ ಇರುತ್ತಿದ್ದರು ಎಂದು ನಾನು ಕೋಟು ಹಾಕಿಕೊಂಡೆ. ಸಾಲೆಯಲ್ಲಿ ಆ ವಾರ ಹಕ್ಕುಗಳ ಪಾಠ ಬರುವುದಿತ್ತು. ಅದನ್ನು ಹಾರಿಸಿ ಪುರಸಭೆಯ ಕರ್ತವ್ಯಗಳಿಗೆ ಹೋದೆ. ಗಟಾರು, ದೀಪದ ಕಂಬ, ನಳದ ನೀರು, ಇವುಗಳಲ್ಲಿ ಯಾರ ಅಕ್ಕನೂ ಬರುವುದಿಲ್ಲ.

ಕುಲಕರ್ಣಿ ವಕೀಲರ ಮುಂದೆ ನಾನು, ನಮ್ಮ ಪರಿಚಯದವರೊಬ್ಬರಿದ್ದಾರೆ, ಅವರಿಗೊಬ್ಬ ಅಕ್ಕ ಇದ್ದಾಳೆ ಎಂದು ಶುರುಮಾಡಿದೆ. ಗುಪ್ತರೋಗ ಬಂದವರು ಡಾಕ್ಟರರ ಹತ್ತಿರ ಗೆಳೆಯನ ಸಲುವಾಗಿ ಔಷಧ ಕೇಳುತ್ತಾರಲ್ಲ, ಹಾಗೆ. ವಕೀಲರು ಕಣ್ಣು ಮುಚ್ಚಿ ಕೇಳಿದರು. ಆ ಅಕ್ಕನಿಗೆ ಮನೆಯಲ್ಲಿ ತಮ್ಮನಷ್ಟೇ ಪಾಲಿದೆ ಎಂದರು. ನನ್ನ ಎದೆ ಧಸಕ್ಕೆಂದಿತು. ಆದರೆ ಗಂಡುಮಕ್ಕಳು ತಾವಾಗಿ ಹಂಚಿಕೊಳ್ಳುವತನಕ ಆಕೆ ವಾಟಣಿ ಮಾಡಿ ಪಾಲು ಕೊಡಿ ಎಂದು ಕೇಳುವ ಹಾಗಿಲ್ಲ ಎಂದರು. ಎದೆ ತನ್ನ ಜಾಗಕ್ಕೆ ಬಂತು. ಹಾಗಾದರೆ ಬಂದು ಇರಬಹುದೇ ಎಂದು ಕೇಳಿದೆ. ಲಗ್ನವಾಗದವಳು, ಗಂಡ ಬಿಟ್ಟವಳು, ಗಂಡ ಸತ್ತವಳು ಆದರೆ ಬಂದು ಇರಬಹುದು. ಗಂಡನ ಜೊತೆ ಸುಖವಾಗಿರುವವಳಿಗೆ ಇರುವ ಹಕ್ಕಿಲ್ಲ ಎಂದರು.

“ಅಂದ್ರ ಪಾಲು ಐತಿ, ಕೇಳಾಕ ಬರೂದಿಲ್ಲ, ಇರಾಕೂ ಬರೂದಿಲ್ಲ. ಹಂಗಾದ್ರ ಆ ಪಾಲು ಎಲ್ಲಿ ಐತ್ರಿ?”

“ಕಾಯ್ದೆದಾಗ ಅದ,” ಎಂದರು ವಕೀಲರು.

ನಾನು ಸಂತೋಷದಿಂದ ಎದ್ದೆ. ಆಗ ಅವರು ಕಣ್ಣು ತೆರೆದು, ಮನೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವಾಗ ಆ ನಿಮ್ಮ ಪರಿಚಯದವರು ವಾರಸಾ ಅರ್ಜಿಯಲ್ಲಿ ಅಕ್ಕನ ಹೆಸರು ಬರೆದಿದ್ದಾರಲ್ಲವೇ ಎಂದು ಕೇಳಿದರು. ನಾನು ಮತ್ತೆ ಕೂತೆ. ಅಪ್ಪ ಹೋದ ಮೂರು ತಿಂಗಳಿಗೆ ಆ ಅರ್ಜಿಯನ್ನು ನಾನೇ ತುಂಬಿದ್ದೆ. ‘ಬೇರೆ ವಾರಸದಾರರು’ ಎಂಬಲ್ಲಿ ‘ಇಲ್ಲ’ ಎಂದು ಬರೆದಿದ್ದೆ. ಕೊಟ್ಟ ಹೆಣ್ಣುಮಗಳ ಹೆಸರನ್ನು ಯಾರು ಬರೆಯುತ್ತಾರೆ ಎಂದು ಅಲ್ಲಿದ್ದ ಯಾರೋ ಅಂದಿದ್ದರು. ಅದು ನನಗೆ ಅನುಕೂಲವಾದ ಮಾತಾದ್ದರಿಂದ ಅಂದವರು ಯಾರೆಂದು ನಾನು ತಿರುಗಿಯೂ ನೋಡಿರಲಿಲ್ಲ. ವಕೀಲರಿಗೆ ಈಗ, ಅವರನ್ನು ಕೇಳಿ ಹೇಳುತ್ತೇನೆ ಎಂದೆ. ಅವರು ಬಾಗಿಲತನಕ ಬಂದು ಬೀಳ್ಕೊಡುತ್ತ, ತಣ್ಣಗೆ, “ಅಕ್ಕಾರು ಬಂದಾರಂತಲ್ಲ, ಆರಾಮ ಇದ್ದಾರಲ್ಲಾ?” ಎಂದು ಕೇಳಿದರು.

ಒಂದು ಉತ್ತರದಿಂದ ಸಮಾಧಾನವಾಗದವನಿಗೆ ಎರಡನೆಯದು ಬೇಕಾಗುತ್ತದೆ. ಮರುದಿನ ಸಾಲೆಗೆ ಅರ್ಧ ದಿನದ ರಜೆ ಹಾಕಿ ಹುಬ್ಬಳ್ಳಿಯ ಬಸ್ಸು ಹತ್ತಿದೆ. ರಾಯಾಪುರ ಬರುವತನಕ, ತಪ್ಪು ಆಗಿದ್ದು ಅರ್ಜಿಯ ನಮೂನೆಯಲ್ಲಿ, ನನ್ನಲ್ಲಲ್ಲ ಎಂದು ನನ್ನೊಳಗೇ ವಾದಿಸಿದೆ. ರಾಯಾಪುರ ದಾಟಿದ ಮೇಲೆ ಆ ವಾದ ನನಗೇ ಒಪ್ಪಿಗೆಯಾಗದೆ ಕಿಡಕಿಯ ಹೊರಗೆ ನೋಡುತ್ತ ಕೂತೆ.

ಹುಬ್ಬಳ್ಳಿಯ ಪಾಟೀಲ ವಕೀಲರು ಮುದುಕರು, ದಿವಾಣಿ ದಾವೆಗಳಲ್ಲಿ ಹೆಸರುವಾಸಿ. ಅವರು ಕೇಳಿದ್ದು ಒಂದೇ ಪ್ರಶ್ನೆ, ಗಂಡುಮಕ್ಕಳು ಎಷ್ಟು ಮಂದಿ ಎಂದು. ಒಬ್ಬನೇ ಎಂದೆ. ಅವರು ಮೂಗಿನ ಮೇಲೆ ಚಾಳೀಸು ಏರಿಸಿ ಪುಸ್ತಕ ತೆಗೆದು, ಕಾಯ್ದೆಯಲ್ಲಿ ಗಂಡು ವಾರಸದಾರರು ಎಂದಿದೆ, ವಾರಸದಾರ ಎಂದಿಲ್ಲ. ಇಬ್ಬರಿದ್ದರೆ ಅಕ್ಕ ಕಾಯಬೇಕು, ಒಬ್ಬನೇ ಆದರೆ ನಾಳೆಯೇ ವಾಟಣಿ ಕೇಳಬಹುದು ಎಂದರು. ನಮ್ಮ ಅವ್ವ ಇನ್ನೊಂದು ಗಂಡಾಗಲೆಂದು ಹರಕೆ ಹೊತ್ತದ್ದು, ಆಗದೆ ಹೋದದ್ದು ನೆನಪಾಯಿತು. ಒಂದು ‘ರು’ ಅಕ್ಷರದ ಮೇಲೆ ನನ್ನ ಮನೆ ನಿಂತಿತ್ತು. ನಿನ್ನೆಯ ವಕೀಲರು ಬೇರೆ ಹೇಳಿದ್ದನ್ನು ತಿಳಿಸಿದೆ. ಅವರು ನಕ್ಕರು.

“ಅಕ್ಕನ ವಕೀಲಾದ್ರ ನಾ ಹಿಂಗ ವಾದ ಮಾಡತೇನಿ. ತಮ್ಮನ ವಕೀಲಾದ್ರ ಹಂಗ ವಾದ ಮಾಡತೇನಿ. ಮೊದಲ ನೀವು ಯಾರ ಕಡೆಯವರು ಅನ್ನೂದು ಹೇಳ್ರಿ, ಮಾಸ್ತರ.”

ಇಡೀ ಪ್ರಕರಣದಲ್ಲಿ ನನಗೆ ಉತ್ತರ ಗೊತ್ತಿರಬೇಕಾಗಿದ್ದ ಪ್ರಶ್ನೆ ಅದೊಂದೇ. ವಿಚಾರ ಮಾಡಿ ಹೇಳುತ್ತೇನೆ ಎಂದು ಎದ್ದು ಬಂದೆ. ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟು ಮೂರನೆಯದನ್ನು ಹತ್ತಿದೆ. ಮೊದಲೆರಡರಲ್ಲಿ ಜಾಗ ಇರಲಿಲ್ಲವೆಂದಲ್ಲ.

ಮನೆಗೆ ಬಂದಾಗ ಅಕ್ಕ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಏನು ಅಂದರು ವಕೀಲರು ಎಂದು ಕೇಳಿದಳು. ತಾಳಿಕೊಳ್ಳಲಾಗದೆ ನಾನು, ಈ ಪ್ರಶ್ನೆ ಈಗ ಯಾಕೆ ಬಂತು ಎಂದು ಕೇಳಿಯೇಬಿಟ್ಟೆ. ಆಗ ಹೇಳಿದಳು. ಅವಳ ನಾದಿನಿ ಶಾಂತವ್ವನ ಗಂಡ ಸಂಕ್ರಾಂತಿಗೆ ಮುಂಚೆ ತೀರಿಕೊಂಡಿದ್ದ. ಮಕ್ಕಳಿಲ್ಲ. ಅತ್ತೆಯ ಮನೆಯವರು ಒಂದು ಟ್ರಂಕಿನ ಸಮೇತ ಅವಳನ್ನು ತಂದು ಮುಗದದಲ್ಲಿ ಬಿಟ್ಟುಹೋಗಿದ್ದರು. ಅಕ್ಕನ ಮಾವ ತೀರಿಕೊಂಡು ಒಂದು ವರ್ಷವಾಗಿತ್ತು. ಈಗ ಯಜಮಾನಿಕೆ ಅಕ್ಕನ ಮೈದುನನದು. ಕೊಟ್ಟ ಹೆಣ್ಣಿಗೆ ಈ ಮನೆಯಲ್ಲಿ ಜಾಗವಿಲ್ಲ, ಪಂಚಮಿ ಮುಗಿದ ಮೇಲೆ ತಿರುಗಿ ಕಳಿಸುವುದೇ ಸೈ ಎಂದು ಅವನು ಹಟ ಹಿಡಿದಿದ್ದ. ಅಕ್ಕನ ಗಂಡ ಎತ್ತಿನ ಮೈ ತಿಕ್ಕುತ್ತ ಸುಮ್ಮನಿದ್ದುಬಿಟ್ಟಿದ್ದ.

“ಆಕಿ ದಿನಾ ಟ್ರಂಕ್ ಬಾಗಲದಾಗ ಇಟಗೊಂಡ ಕುಂದರತಾಳ, ತಮ್ಮಾ. ಒಳಗ ತರಾಕ ಅಂಜಕಿ. ನನ್ನ ಮಾತು ಯಾರು ಕೇಳತಾರ? ಕಾಯ್ದೆ ಮಾತಾದ್ರ ಕೇಳ್ಯಾರು ಅಂತ ಬಂದೆ.”

ನನ್ನ ತಲೆಯ ಮೇಲಿನ ಕಲ್ಲು ಇಳಿದಂತಾಯಿತು. ಮೂರು ದಿನ ಒಳಗೇ ಒತ್ತಿಹಿಡಿದಿದ್ದ ಪೌರನೀತಿ ಒಮ್ಮೆಲೇ ಉಕ್ಕಿಬಂತು. ಎದ್ದು ನಿಂತು, ಕೈ ಹಿಂದೆ ಕಟ್ಟಿಕೊಂಡು, ಪಡಸಾಲೆಯಲ್ಲಿ ಅತ್ತಿಂದಿತ್ತ ಅಡ್ಡಾಡುತ್ತ ಪಾಠ ಮಾಡಿದೆ. ಶಾಂತವ್ವ ವಿಧವೆ. ಅಪ್ಪನ ಮನೆಯಲ್ಲಿ ಇರುವ ಪೂರ್ಣ ಹಕ್ಕು ಅವಳಿಗಿದೆ. ಅಣ್ಣಂದಿರು ಮನೆ ಹಂಚಿಕೊಳ್ಳುವ ದಿನ ಬಂದರೆ ಪಾಲೂ ಇದೆ. ಅವಳನ್ನು ಹೊರಗೆ ಹಾಕಲು ಯಾವ ಮೈದುನನಿಗೂ ಅಧಿಕಾರವಿಲ್ಲ. ಹೆಣ್ಣುಮಗಳು ಅಂದಮಾತ್ರಕ್ಕೆ ಹಕ್ಕು ನುಂಗಿ ಕೂರುವ ಕಾಲ ಹೋಯಿತು, ಅಂಥವರಿಗೆ ನಾಚಿಕೆಯಾಗಬೇಕು ಎಂದು ಮುಗಿಸಿದೆ. ನನ್ನ ಧ್ವನಿ ನನಗೇ ಬಹಳ ಹಿಡಿಸಿತು. ಪರರ ಮನೆಯ ಪಾಲು ಹಂಚುವಾಗ ಮನುಷ್ಯ ಎಷ್ಟು ಉದಾರಿಯಾಗುತ್ತಾನೆ ಎಂಬುದನ್ನು ಅಂದು ಕಂಡುಕೊಂಡೆ.

ಅಕ್ಕ ಎಲ್ಲವನ್ನೂ ಮನಸ್ಸಿಟ್ಟು ಕೇಳಿದಳು. ಕಲ್ಲೊಂದನ್ನು ಆರಿಸಿ ಪಕ್ಕಕ್ಕಿಟ್ಟಳು. ಆಮೇಲೆ, ಹೊಸದೇನನ್ನೋ ಕಂಡವಳಂತೆ ಮೆಲ್ಲಗೆ ಅಂದಳು:

“ಹಂಗಾರ ಈ ಮನ್ಯಾಗ ನನಗೂ ಪಾಲು ಐತಿ ಅನ್ನು.”

ಅಡುಗೆಮನೆಯಲ್ಲಿ ಪಾತ್ರೆಗಳ ಸಪ್ಪಳ ನಿಂತಿತು. ಹುಬ್ಬಳ್ಳಿಯ ‘ರು’, ಧಾರವಾಡದ ‘ಕಾಯ್ದೆದಾಗ ಅದ’, ಎರಡೂ ನನ್ನ ನಾಲಿಗೆಯ ತುದಿಗೆ ಬಂದವು. ಯಾಕೋ ಎರಡನ್ನೂ ಹೇಳಲಾಗಲಿಲ್ಲ. ಹೌದು, ಇದೆ ಎಂದೆ. ಅರ್ಜಿಯಲ್ಲಿ ಅವಳ ಹೆಸರು ಬರೆದಿಲ್ಲವೆಂಬುದನ್ನೂ ಹೇಳಿದೆ. ಅವಳು ಮೊರ ಕೆಳಗಿಟ್ಟಳು. “ಬರಿಯಾಗ ನಾ ನೆನಪಾಗಲಿಲ್ಲೇನು?” ಎಂದು ಕೇಳಿದಳು. ನೆನಪಾಗಿದ್ದಳು. ಅದಕ್ಕೇ ‘ಇಲ್ಲ’ ಎಂದು ಬರೆದಿದ್ದೆ.

ಅವಳು ಮೊರ ಮತ್ತೆ ಎತ್ತಿಕೊಂಡಳು. “ಪಾಲು ತಗೊಂಡ ನಾ ಏನು ಮಾಡ್ಲಿ, ತಮ್ಮಾ. ನಾ ಬಂದ ಕೂಡಲೆ ಯಾವ ಗಾಡಿಗೆ ಹೋಗತಿ ಅಂತ ಕೇಳಬ್ಯಾಡ. ಅಷ್ಟ ಸಾಕು.”

ಅದು ನನಗೆ ಎಂದೂ ತಪ್ಪೆನಿಸಿರಲಿಲ್ಲ. ಗಾಡಿಯ ವೇಳೆ ನೋಡಿಡುವುದು ನನ್ನ ಪ್ರಕಾರ ಕಾಳಜಿ. ಈಗ ಎಣಿಸುತ್ತ ಹೋದರೆ, ಅಪ್ಪ ಸತ್ತ ಮೇಲೆ ಅವಳು ಬಂದ ಒಂದೊಂದು ಸಲವೂ ಕಾಲಿಗೆ ನೀರು ಕೊಡುವ ಮುಂಚೆಯೇ ನಾನು ಅದನ್ನು ಕೇಳಿದ್ದೆ. ಮರುದಿನ ಬೆಳಿಗ್ಗೆ ಅವಳು ಹೊರಟಾಗ ಸ್ಟೇಶನ್ನಿಗೆ ಹೋಗಿ ಕಳಿಸಿಬಂದೆ. ಗಾಡಿ ತಡವಾಗಿ ಬಂತು. ನಾನು ಗಡಿಯಾರ ನೋಡಲಿಲ್ಲ. ನೋಡದಿರಲು ಬಹಳ ಕಷ್ಟಪಟ್ಟೆ.

ಅದೇ ವಾರ ಕಚೇರಿಗೆ ಹೋಗಿ ಅಕ್ಕನ ಹೆಸರು ಸೇರಿಸಲು ಅರ್ಜಿ ಕೊಟ್ಟೆ. ಕಾರಕೂನ ಹಳೆಯ ಕಾಗದ ತೆಗೆದು, ಮೊದಲು ಬೇರೆ ವಾರಸದಾರರು ಇಲ್ಲ ಎಂದು ಬರೆದಿದ್ದೀರಲ್ಲ ಎಂದ. ಮರೆತಿದ್ದೆ ಎಂದೆ. ಅವನು ತಲೆಯೆತ್ತಲಿಲ್ಲ. “ಅಕ್ಕನ್ನ?” ಎಂದಷ್ಟೇ ಕೇಳಿ ಠಸ್ಸೆ ಒತ್ತಿದ.

ತಿಂಗಳೊಪ್ಪತ್ತಿಗೆ ಅಕ್ಕ ಮಗಳ ಕೈಯಲ್ಲಿ ಕಾಗದ ಬರೆಸಿದಳು. ಹೆಸರು ಸೇರಿಸಿದ ನನ್ನ ತ್ಯಾಗದ ಕುರಿತು ಅದರಲ್ಲಿ ನಾಲ್ಕು ಸಾಲಾದರೂ ಇದ್ದೀತೆಂದು ಹುಡುಕಿದೆ, ಒಂದೂ ಇರಲಿಲ್ಲ. ಇಬ್ಬರು ವಕೀಲರು ಹೇಳಿದ್ದಾರೆಂದು ತಿಳಿದ ಮೇಲೆ ಮೈದುನ ಎರಡು ದಿನ ಮುಖ ಊದಿಸಿಕೊಂಡಿದ್ದು ಸುಮ್ಮನಾದನಂತೆ. ಟ್ರಂಕು ಒಳಗೆ ಬಂದಿದೆಯಂತೆ. ಶಾಂತವ್ವ ಈಚೆಗೆ ಎರಡು ಹೊತ್ತು ಉಣ್ಣುತ್ತಾಳಂತೆ. ಕೊನೆಗೆ, ಬರುವ ತಿಂಗಳು ತಾನು ಧಾರವಾಡಕ್ಕೆ ಬರುವಾಗ ಅವಳನ್ನೂ ಕರೆತರುವುದಾಗಿಯೂ, ಪಾಪ ಅವಳು ಎಲ್ಲಿಗೂ ಹೋದವಳಲ್ಲವಾದ್ದರಿಂದ ಇಬ್ಬರೂ ನಾಲ್ಕು ದಿನ ಇರುವುದಾಗಿಯೂ ಇತ್ತು.

ಕಾಗದ ಓದಿದವನೇ ಕೋಟು ಹಾಕಿಕೊಂಡೆ. ಅಕ್ಕನ ಹಕ್ಕು ಸರಿ. ಅಕ್ಕನ ನಾದಿನಿಗೆ ನನ್ನ ಮನೆಯಲ್ಲಿ ಇರುವ ಹಕ್ಕು ಯಾವ ಕಲಮಿನಲ್ಲಿದೆ, ನಾಲ್ಕು ದಿನ ಎಂದರೆ ಕಾಯ್ದೆಯ ದೃಷ್ಟಿಯಲ್ಲಿ ಎಷ್ಟು ದಿನ ಎಂದು ವಿಚಾರಿಸುತ್ತ ಬಿರಬಿರನೆ ನಡೆದೆ. ಕುಲಕರ್ಣಿ ವಕೀಲರು ಅಂಗಳದಲ್ಲೇ ಕೂತಿದ್ದರು. ನನ್ನನ್ನು ಕಂಡು, “ಬರ್ರಿ ಮಾಸ್ತರ. ಮತ್ತ ಪರಿಚಯದವರದೇನು?” ಎಂದರು. ಏನಿಲ್ಲ, ಹಾಗೇ ಅಡ್ಡಾಡುತ್ತ ಬಂದೆ ಎಂದು ಹೇಳಿ, ಖರೆಯೇ ಅಡ್ಡಾಡಲು ಬಂದವನಂತೆ ಕಾಣಬೇಕೆಂದು ಕೆಲಗೇರಿ ಕೆರೆಯತನಕ ಹೋಗಿ, ಕಾಲು ನೋಯಿಸಿಕೊಂಡು ಮರಳಿದೆ.