ಲಿಚಿ ಗಿಡ ಮತ್ತು ಹದಿನೆಂಟು ಡಿಗ್ರಿ

ಇಪ್ಪತ್ತೇಳು ವರ್ಷ ಪಾಠ ಮಾಡಿದವನಿಗೆ ಮನೆಯೂ ತರಗತಿಯಂತೆಯೇ ಕಾಣತೊಡಗುತ್ತದೆ. ಉಪ್ಪಿನ ಡಬ್ಬಿ ಎಲ್ಲಿ ಎಂದು ಕೇಳಿದರೆ ಸಮುದ್ರದ ನೀರಿನಿಂದ ಶುರುಮಾಡುವ ಜಾತಿ ನಮ್ಮದು. ನಾನು ಅರಸೀಕೆರೆಯ ಪ್ರೌಢಶಾಲೆಯೊಂದರಲ್ಲಿ ಭೂಗೋಳ ಹೇಳಿಕೊಡುವ ಮೇಷ್ಟ್ರು. ನನ್ನ ರೋಗ ಉಳಿದ ಮೇಷ್ಟ್ರುಗಳಿಗಿಂತ ಒಂದು ಕೈ ಮೇಲು. ನಾನು ಹೇಳಿದ್ದೇ ಸರಿ ಎಂದು ಎದುರಿನವರು ಒಪ್ಪುವ ತನಕ ನನಗೆ ಊಟ ಸೇರುವುದಿಲ್ಲ. ಎದುರಿನವರು ಎಂದರೆ ಹೆಚ್ಚಾಗಿ ನನ್ನ ಹೆಂಡತಿ ಸುಮಿತ್ರ. ಅವಳು ತೀರಿಕೊಂಡ ಮೇಲೆ ಇದು ಎರಡನೇ ಚಳಿಗಾಲ. ಈಗ ನಾನು ಹೇಳಿದ್ದೆಲ್ಲ ಸರಿಯೇ, ಅಲ್ಲ ಅನ್ನುವವರು ಮನೆಯಲ್ಲಿ ಯಾರೂ ಇಲ್ಲ.

ನಮ್ಮ ಅತಿ ದೀರ್ಘ ವಾದಕ್ಕೆ ಕಾರಣ ಒಂದು ಲಿಚಿ ಗಿಡ. ಸುಮಿತ್ರಳ ತವರು ಹಳೇಬೀಡಿಗೆ ಅಂಟಿಕೊಂಡಿರುವ ಬಸ್ತಿಹಳ್ಳಿ. ಒಮ್ಮೆ ತವರಿಗೆ ಹೋದವಳು ಅಲ್ಲಿ ರಸ್ತೆ ಬದಿ ಗಿಡ ಮಾರುವವನಿಂದ ಮೊಳದುದ್ದದ ಸಸಿಯೊಂದನ್ನು ಕೊಂಡು, ಬಸ್ಸಿನಲ್ಲಿ ಉದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದಳು. ಅದರ ಕೊರಳಿಗೊಂದು ಚೀಟಿ, ‘ಉಪೋಷ್ಣವಲಯದ ಹಣ್ಣು’ ಎಂದು. ನನ್ನಂಥವನ ಮನೆಗೆ ಅಂಥ ಚೀಟಿ ಬರಬಾರದಿತ್ತು.

“ಇದು ಇಲ್ಲಿ ಹೂ ಬಿಡಲ್ಲ ಕಣೇ. ನಾವಿರೋದು ಉಷ್ಣವಲಯ,” ಅಂದೆ.

“ಜನವರೀಲಿ ಕೈಕಾಲು ಸೆಟೆದು ಹೋಗುತ್ತಲ್ರೀ, ಅದು ಯಾವ ಸೀಮೆ ಉಷ್ಣ?” ಅಂದಳು.

ಪ್ರಶ್ನೆ ದಡ್ಡತನದ್ದಲ್ಲ. ಡಿಸೆಂಬರಿನಲ್ಲಿ ಬೋರ್ಡಿನ ಮೇಲೆ ‘ಉಷ್ಣವಲಯ’ ಎಂದು ಬರೆಯುವಾಗ ನನ್ನ ಕಿವಿಗೆ ಮಫ್ಲರ್ ಇರುತ್ತದೆ, ಮಕ್ಕಳು ಅದನ್ನು ನೋಡಿ ಮುಸಿಮುಸಿ ನಗುತ್ತವೆ. ಬೆಳಿಗ್ಗೆ ನಮ್ಮ ಜಂಕ್ಷನ್ನಿನಲ್ಲಿ ಉತ್ತರದ ಕಡೆಯವರು ಬರೀ ಅಂಗಿಯಲ್ಲಿ ಇಳಿದು ಟೀ ಕುಡಿಯುವಾಗ, ಅವರ ಪಕ್ಕ ಮಂಕಿ ಟೋಪಿ ಹಾಕಿ ನಿಂತವನು ಇದೇ ಉಷ್ಣವಲಯದ ಮೇಷ್ಟ್ರು. ಆದರೆ ಚಳಿಯಾಗುವುದು ಬೇರೆ, ಉಪೋಷ್ಣವಲಯ ಎನಿಸಿಕೊಳ್ಳುವುದು ಬೇರೆ. ಭೂಪಟದಲ್ಲಿ ಅದು ಸಾಮಾನ್ಯವಾಗಿ ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಆಚೆಗೆ ಶುರುವಾಗುತ್ತದೆ, ನಾವು ಎಷ್ಟೋ ಈಚೆಗಿದ್ದೇವೆ. “ಎತ್ತರದಲ್ಲಿರೋ ಊರಿಗೆ ರಿಯಾಯಿತಿ ಇಲ್ವಾ?” ಅಂದಳು. ಉಂಟು. ಬೇಸಿಗೆ ಚೆನ್ನಾಗಿ ಕಾಯಬೇಕು, ಅತಿ ತಣ್ಣನೆಯ ತಿಂಗಳ ಸರಾಸರಿ ಹದಿನೆಂಟು ಡಿಗ್ರಿಗಿಂತ ಕೆಳಗಿಳಿಯಬೇಕು, ಹಾಗಂತ ಹೆಪ್ಪುಗಟ್ಟುವಷ್ಟೂ ಇಳಿಯಬಾರದು. ಬೆಳಗಿನ ಚಳಿಯೊಂದನ್ನೇ ತೋರಿಸಿದರೆ ನಡೆಯುವುದಿಲ್ಲ, ಮಧ್ಯಾಹ್ನದ ಬಿಸಿಲನ್ನೂ ಸೇರಿಸಬೇಕು. ಇಷ್ಟನ್ನೂ ಅವಳು ಹುರುಳಿಕಾಯಿ ಮುರಿಯುತ್ತ ಕೇಳಿಸಿಕೊಂಡು, “ಹಾಗಾದ್ರೆ ಅಳೆದು ತೋರಿಸಿ,” ಅಂದಳು.

ಥರ್ಮಾಮೀಟರ್ ತಂದೆ. ಹಿತ್ತಲ ಜಗಲಿಯ ಗೋಡೆಯಲ್ಲಿ ಹಳೆಯ ಕ್ಯಾಲೆಂಡರಿನ ಮೊಳೆ ಖಾಲಿಯಿತ್ತು, ಅದಕ್ಕೇ ತೂಗುಹಾಕಿದೆ. ಬೆಳಿಗ್ಗೆ ಆರರದ್ದು ನಾನು, ಮಧ್ಯಾಹ್ನ ಎರಡರದ್ದು ಅವಳು, ಆ ಹೊತ್ತಿಗೆ ನಾನು ಶಾಲೆಯಲ್ಲಿರುತ್ತೇನಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ. ಅವಳ ಕಾಲಮ್ಮಿನಲ್ಲಿ ಅಂಕಿಯ ಪಕ್ಕ ಕೆಲವೊಮ್ಮೆ ‘ಬಟ್ಟೆ ಬೇಗ ಒಣಗಿತು’ ಎಂಬ ಷರಾ ಇರುತ್ತಿತ್ತು. ಇದು ವೈಜ್ಞಾನಿಕವಲ್ಲ ಎಂದು ಅದಕ್ಕೆ ಕೆಂಪು ಇಂಕಿನಲ್ಲಿ ಗೀಟೆಳೆದಿದ್ದೇನೆ, ಪಾಪಿ ನಾನು. ಜನವರಿ ಬಂದರೆ ನನಗೆ ಹಬ್ಬ. “ಬೆಳಗಿನ ಜಾವವೇ ಹತ್ತೊಂಬತ್ತು ಕಣೇ. ಇನ್ನು ಸರಾಸರಿ ಎಲ್ಲಿಂದ ಹದಿನೆಂಟಾಗುತ್ತೆ?” ಎಂದು ಜಗಲಿಯಿಂದಲೇ ಕೂಗುತ್ತಿದ್ದೆ. “ಆಯ್ತು ಬಿಡಿ, ನೀವೇ ಗೆದ್ರಿ. ಸ್ನಾನಕ್ಕೆ ನಡೀರಿ, ನೀರು ಆರೋಗುತ್ತೆ,” ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ಸೋತವಳು ಮಧ್ಯಾಹ್ನ ಹೋಗಿ ಲಿಚಿ ಗಿಡಕ್ಕೆ ಎರಡು ಕೊಡ ನೀರು ಹಾಕುತ್ತಿದ್ದಳು. ಆರು ವರ್ಷ ಹೀಗೇ ನಡೆಯಿತು. ಗಿಡ ಎದೆಮಟ್ಟ ಬೆಳೆಯಿತು, ಹೂ ಬಿಡಲಿಲ್ಲ.

ಆಮೇಲೊಂದು ಮಳೆಗಾಲದಲ್ಲಿ ಎರಡೇ ತಿಂಗಳ ಕಾಯಿಲೆಯಲ್ಲಿ ಹೊರಟುಹೋದಳು. ಹಂಡೆಗೆ ಉರಿ ಹಾಕುವವರಿಲ್ಲದೆ ಗೀಸರ್ ಹಾಕಿಸಿದೆ. ಜನವರಿಯಲ್ಲಿ ಅಭ್ಯಾಸಬಲದಿಂದ ಜಗಲಿಗೆ ಹೋಗಿ ನೋಡಿದರೆ, ಹದಿನೈದು. ಮರುದಿನವೂ ಹದಿನೈದು. ನನ್ನ ಊರು ಒಂದೇ ವರ್ಷದಲ್ಲಿ ನಾಲ್ಕು ಡಿಗ್ರಿ ಕೆಳಗಿಳಿದಿತ್ತು. ಹವಾಮಾನವೇ ಬದಲಾಯಿತೆಂದು ಸ್ಟಾಫ್ ರೂಮಿನಲ್ಲಿ ಮೂರು ದಿನ ಭಾಷಣ ಮಾಡಿದೆ.

ಆ ವಾರ ಸುಮಿತ್ರಳ ತಮ್ಮ ಮಂಜಣ್ಣ ಕೊಬ್ಬರಿ ಮಾರಲು ಮಾರ್ಕೆಟ್ಟಿಗೆ ಬಂದವನು ಮನೆಗೂ ಬಂದ. ಅವನಿಗೂ ನೋಟ್‌ಬುಕ್ ತೋರಿಸಿದೆ. ಅವನು ನೋಟ್‌ಬುಕ್ ನೋಡಲಿಲ್ಲ, ಗೋಡೆ ನೋಡಿದ.

“ಭಾವ, ಈ ಗೋಡೆ ಆಚೆ ಏನೈತೆ?”

“ಬಚ್ಚಲು ಕಣೋ.”

“ಹಂಡೆ ಒಲೆ ಇದೇ ಗೋಡೆಗೆ ಅಲ್ವಾ ಇರೋದು? ಅಕ್ಕ ಐದು ಗಂಟೆಗೇ ಎದ್ದು ಉರಿ ಹಾಕೋಳು.”

ಅವನು ಗೋಡೆಯ ಮೇಲೆ ಅಂಗೈ ಇಟ್ಟ. ನಾನೂ ಇಟ್ಟೆ. ತಣ್ಣಗಿತ್ತು.

ಅವನು ಹೋದ ಮೇಲೆ, ಬೆಳಗಿನದ್ದಕ್ಕೆ ಈಗಿನ ಹದಿನೈದನ್ನೂ ಮಧ್ಯಾಹ್ನಕ್ಕೆ ಅವಳು ಬರೆದಿಟ್ಟಿದ್ದ ಹಳೆಯ ಅಂಕಿಗಳನ್ನೂ ಹಿಡಿದು ಮತ್ತೆ ಲೆಕ್ಕ ಹಾಕಿದೆ. ಹೊಸ ಲೆಕ್ಕದಲ್ಲೂ ಸರಾಸರಿ ಹದಿನೆಂಟರ ಮೇಲೆಯೇ ಬಂತು. ಅರಸೀಕೆರೆ ಉಷ್ಣವಲಯವೇ, ವಾದ ನನ್ನದೇ ಸರಿ. ಆದರೆ ಆ ನಾಲ್ಕು ಡಿಗ್ರಿ ಊರಿನದ್ದಾಗಿರಲಿಲ್ಲ. ತಣ್ಣೀರು ತಾಗಿದರೆ ಮೂರು ದಿನ ಸೀನುವ ಗಂಡನಿಗಾಗಿ ಕತ್ತಲಲ್ಲೇ ಎದ್ದು ಅವಳು ಒಲೆಗೆ ತುರುಕುತ್ತಿದ್ದ ತೆಂಗಿನ ಮಟ್ಟೆ, ಕರಟಗಳದ್ದು. ಆರು ಚಳಿಗಾಲ ಅವಳು ಹಾಕಿದ ಉರಿಯನ್ನೇ ಅಳೆದು, ಅದನ್ನೇ ತೋರಿಸಿ ಅವಳನ್ನು ಸೋಲಿಸಿದ್ದೆ. ಆ ಸಂಜೆ ನೋಟ್‌ಬುಕ್ ಮುಂದಿಟ್ಟುಕೊಂಡು ಅತ್ತುಬಿಟ್ಟೆ. ಅವಳು ಹೋದ ದಿನವೂ ಅಷ್ಟು ಅತ್ತಿರಲಿಲ್ಲ.

ಥರ್ಮಾಮೀಟರನ್ನು ಬೇರೆ ಕಡೆ ತೂಗುಹಾಕಿ ಎಂದು ಮಂಜಣ್ಣ ಹೇಳಿ ಹೋಗಿದ್ದ. ಹಾಕಲಿಲ್ಲ. ಈ ಚಳಿಗಾಲ ಗೀಸರನ್ನು ಆರಿಸಿಬಿಟ್ಟಿದ್ದೇನೆ. ಐದಕ್ಕೆ ಎದ್ದು ನಾನೇ ಹಂಡೆಗೆ ಉರಿ ಹಾಕುತ್ತೇನೆ. ಅವಳಿಗೆ ಒಂದು ಕಡ್ಡಿಯಲ್ಲಿ ಹತ್ತುತ್ತಿದ್ದ ಒಲೆ ನನಗೆ ಅರ್ಧ ಬೆಂಕಿಪೊಟ್ಟಣ ಕೇಳುತ್ತದೆ, ಬಚ್ಚಲ ತುಂಬ ಹೊಗೆ. ಆರಕ್ಕೆ ಜಗಲಿಗೆ ಹೋಗಿ ನೋಡಿ, ಹದಿನೇಳಿದ್ದರೆ ಮತ್ತೆ ಒಳಗೆ ಬಂದು ಇನ್ನೆರಡು ಮಟ್ಟೆ ತುರುಕುತ್ತೇನೆ. ನನ್ನ ವಿದ್ಯಾರ್ಥಿ ಯಾರಾದರೂ ಹೀಗೆ ಅಳತೆ ಬರೆದು ತಂದಿದ್ದರೆ ಸೊನ್ನೆ ಹಾಕಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಹತ್ತೊಂಬತ್ತು ಬಂದ ಮೇಲೆ ನೋಟ್‌ಬುಕ್ಕಿನಲ್ಲಿ ಬರೆದು, “ಹತ್ತೊಂಬತ್ತು ಕಣೇ,” ಎಂದು ಒಳಗೆ ಕೂಗುತ್ತೇನೆ. ಸ್ವಲ್ಪ ಹೊತ್ತು ಕಾಯುತ್ತೇನೆ. ಆಮೇಲೆ, ನೀರು ಆರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಸ್ನಾನಕ್ಕೆ ನಡೆಯುತ್ತೇನೆ.