ಸೋಮವ್ವನ ಮಾಳಿಗೆಯ ನೆಲಹಾಸು

ಬೈಲಹೊಂಗಲ ಪಟ್ಟಣದಲ್ಲಿ ಮಾಳಿಗೆಗಳಿವೆ, ಆದರೆ ಅವುಗಳ ಮೇಲೆ ಯಾರೂ ವಿಹರಿಸುತ್ತಿಲ್ಲ ಎಂಬ ಗಂಭೀರ ಸಂಗತಿಯು ಕಳೆದ ಬೇಸಿಗೆಯಲ್ಲಿ ಬೆಳಕಿಗೆ ಬಂದಿತು. ಇದನ್ನು ಕಂಡುಹಿಡಿದವರು ನಮ್ಮ ಗೌರೀಶ ಸಾಹೇಬರು. ಅವರು ದೊಡ್ಡ ಶಹರಕ್ಕೆ ಬೀಗರ ಮನೆಗೆ ಹೋಗಿದ್ದಾಗ ಎತ್ತರದ ಕಟ್ಟಡವೊಂದರ ನೆತ್ತಿಯ ಮೇಲೆ ಕುಳಿತು ಕಾಫಿ ಕುಡಿದರು. ಅಲ್ಲಿನ ಜನ ಸುಮ್ಮನೆ ಕುಳಿತು ಸುಮ್ಮನೆ ಆಕಾಶ ನೋಡುತ್ತಿದ್ದರು. ನಮ್ಮೂರಲ್ಲಾದರೋ ಮಾಳಿಗೆ ಹತ್ತುವ ಪ್ರತಿಯೊಬ್ಬರಿಗೂ ಏನಾದರೊಂದು ಕೆಲಸ: ಮೆಣಸಿನಕಾಯಿ ಹರವಬೇಕು, ಕೌದಿ ಒಣಹಾಕಬೇಕು, ನೀರಿನ ಟಾಕಿಯಲ್ಲಿ ಇಣುಕಬೇಕು, ಓಣಿಯಲ್ಲಿ ಜಗಳವಾದರೆ ಅದು ಮುಗಿಯುವ ತನಕ ನೋಡಬೇಕು. ಇದನ್ನು ನೆನೆದು ಸಾಹೇಬರಿಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲವಂತೆ. ಊರಿಗೆ ಮರಳಿದವರೇ ‘ಮಾಳಿಗೆ ವಿಹಾರ ಪ್ರಾಧಿಕಾರ’ ಸ್ಥಾಪಿಸಿ ತಾವೇ ಅಧ್ಯಕ್ಷರಾದರು. ನಾನು ಅದರ ಗುಮಾಸ್ತ. ಹೇಳಿಕೊಳ್ಳಲು ನನಗೆ ಹೆಮ್ಮೆಯೇ ಇದೆ.

ಮೊದಲ ಪ್ರಕಟಣೆಯನ್ನು ನಾನೇ ಬರೆದೆ. ರಿಕ್ಷಾಕ್ಕೆ ಭೋಂಗಾ ಕಟ್ಟಿ ಓಣಿ ಓಣಿಯಲ್ಲೂ ಕೂಗಿಸಿದೆವು.

“ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗದ ಸಮಸ್ತ ನಾಗರಿಕರಿಗೆ ತಿಳಿಯಪಡಿಸುವುದೇನೆಂದರೆ, ಪ್ರತಿ ಮನೆಯಿಂದ ಒಬ್ಬರಾದರೂ ದಿನವೂ ಮಾಳಿಗೆಯ ಮೇಲೆ ವಿಹರಿಸತಕ್ಕದ್ದು. ವಿಹರಿಸುವಾಗ ಆಕಾಶ ನೋಡತಕ್ಕದ್ದು. ನೋಡಲು ಕಾರಣವಿರಕೂಡದು. ಮಳೆ ಬರುವುದೇ ಎಂದು ನೋಡುವುದು ಕೃಷಿ ಚಟುವಟಿಕೆಯಾದ್ದರಿಂದ ಅದನ್ನು ವಿಹಾರವೆಂದು ಪರಿಗಣಿಸಲಾಗದು. ಮಾಳಿಗೆಯ ಮೇಲೆ ಯಾವುದೇ ತಿನಿಸು ಒಣಗಿಸುವುದನ್ನು ನಿಷೇಧಿಸಲಾಗಿದೆ. ತಪ್ಪಿದಲ್ಲಿ ಮಾಳಿಗೆಯ ಬಾಗಿಲಿಗೆ ಅರಗಿನ ಮುದ್ರೆ ಒತ್ತಲಾಗುವುದು. ಮಾಳಿಗೆ ಇಲ್ಲದವರು ನೆರೆಯವರ ಬಾಲ್ಕನಿಯಲ್ಲಿ ನಿಂತು ವಿಹರಿಸಲು ಅರ್ಜಿ ಸಲ್ಲಿಸಬಹುದು.”

ಸವದತ್ತಿಯಿಂದ ಒಬ್ಬರು ಫೋನ್ ಮಾಡಿ, “ವಿಹಾರ ಮಾಡೂಮುಂದ ಕಾಲ ಮ್ಯಾಲ ಕಾಲ ಹಾಕಬಹುದೇನ್ರಿ?” ಎಂದು ವಿಚಾರಿಸಿದರು. ಹಾಕಬಹುದು, ಆದರೆ ಅಲ್ಲಾಡಿಸಕೂಡದು ಎಂದು ಲಿಖಿತ ಉತ್ತರ ಕೊಟ್ಟೆವು. ಯಾಕೆ ಅಲ್ಲಾಡಿಸಕೂಡದು ಎಂದು ಅವರೂ ಕೇಳಲಿಲ್ಲ, ನಮಗೂ ಗೊತ್ತಿರಲಿಲ್ಲ.

ಬಜಾರದ ಹಿಂದಿನ ಓಣಿಯ ಸೋಮವ್ವನಿಗೆ ಮಾತ್ರ ಈ ಪ್ರಕಟಣೆ ಸಿಡಿಲು ಬಡಿದಂತಾಯಿತು. ಅವಳ ಮೊಮ್ಮಗಳು ಉಮಾಶ್ರೀಯ ಲಗ್ನ ನೇಸರಗಿಯ ವರನೊಂದಿಗೆ ಗೊತ್ತಾಗಿತ್ತು. ವರನ ಅಜ್ಜಿ ಮುದಕವ್ವ ನಿಶ್ಚಯದ ದಿನವೇ ಹೇಳಿ ಹೋಗಿದ್ದಳು: “ನಮಗ ಬಂಗಾರ ಬ್ಯಾಡ, ಭಾಂಡೆ ಬ್ಯಾಡ. ಪಂಗ್ತ್ಯಾಗ ಕುರಡಗಿ ಇರಬೇಕ ನೋಡವಾ, ಹುಡಿಗಿ ಮನ್ಯಾಗ ಮಾಡಿದ್ದು. ಅಂಗಡೀದು ಎಲಿ ಮ್ಯಾಗ ಬಿತ್ತಂದ್ರ ನಾ ಎದ್ದ ಹೊಕ್ಕೇನಿ.” ಎದ್ದು ಹೋಗುವುದರಲ್ಲಿ ಮುದಕವ್ವನ ಹೆಸರು ದೊಡ್ಡದು. ಆಕೆ ಎದ್ದರೆ ನೇಸರಗಿಯ ಬಸ್ಸು ತುಂಬ ಜನ ಹಿಂದೆಯೇ ಏಳುತ್ತಾರೆ.

ಕುರಡಗಿ ಅಂದರೆ ಗೋಧಿ ನೆನೆಸಿ, ರುಬ್ಬಿ, ಹಾಲು ತೆಗೆದು ಕುದಿಸಿ, ಶಾವಿಗೆ ಒರಳಲ್ಲಿ ಸುತ್ತು ಸುತ್ತಾಗಿ ಒತ್ತಿ ಒಣಗಿಸುವ ಸಂಡಿಗೆಯಂಥ ತಿನಿಸು. ಸೋಮವ್ವ ಆಗಲೇ ಗೋಧಿ ನೆನೆಹಾಕಿಬಿಟ್ಟಿದ್ದಳು. ಪ್ರಾಧಿಕಾರ ಹುಟ್ಟಿದ್ದು ಗೋಧಿಗೆ ಗೊತ್ತಿಲ್ಲ, ಅದು ತನ್ನ ಪಾಡಿಗೆ ಹುಳಿಯಾಗುತ್ತಲೇ ಇತ್ತು. ಓಣಿಯ ಹೆಂಗಸರೆಲ್ಲ ಸೇರಿ ಒತ್ತಿಯೇಬಿಟ್ಟರು.

ದೂರು ಬಂತು. ವಿಹಾರ ನಿರೀಕ್ಷಕ ಅಭಯ ಕುಲಕರ್ಣಿಯೂ ನಾನೂ ಅರಗಿನ ಚೀಲ ಹಿಡಿದು ಮೆಟ್ಟಿಲು ಹತ್ತಿದೆವು. ಮಾಳಿಗೆ ತುಂಬ ಹಳೇ ಸೀರೆ ಹಾಸಿತ್ತು, ಅದರ ಮೇಲೆ ಸಾಲು ಸಾಲು ಬಿಳಿ ಕುರಡಗಿ. ಸೋಮವ್ವ ಟಾಕಿಯ ನೆರಳಲ್ಲಿ ಕಾಲು ಚಾಚಿ, ಕಾಗೆ ಓಡಿಸುವ ಕೋಲು ಹಿಡಿದು, ಆಕಾಶ ನೋಡುತ್ತ ಅಡ್ಡಾಗಿದ್ದಳು.

“ಆಯಿ, ಏನ್ ಮಾಡಾಕತ್ತೀರಿ?” ಎಂದ ಅಭಯ.

“ಏನೂ ಇಲ್ರಿ ಸಾಹೇಬ್ರ. ಬಿದ್ಕೊಂಡೇನಿ.”

“ಆಕಾಶ ಯಾಕ ನೋಡಾಕತ್ತೀರಿ?”

“ಮ್ಯಾಲ ಐತಿ, ನೋಡಾಕತ್ತೇನಿ.”

ಅಭಯ ನನ್ನ ಮುಖ ನೋಡಿದ. ನಾಲ್ಕೂ ತಾಲೂಕಿನಲ್ಲಿ ಇಷ್ಟು ಶುದ್ಧವಾದ ವಿಹಾರವನ್ನು ನಾವು ಕಂಡಿರಲಿಲ್ಲ. ಅವನು ಚೀಲದಿಂದ ತಪಾಸಣಾ ನಮೂನೆ ತೆಗೆದ.

“ಮತ್ತ ಕೆಳಗ ಹಾಸಿದ್ದು ಏನಿದು?”

ಪಕ್ಕದಲ್ಲಿ ನಿಂತಿದ್ದ ಉಮಾಶ್ರೀ ಹಿಟ್ಟಿನ ಕೈ ಹಿಂದೆ ಮಾಡಿಕೊಂಡು, “ನೆಲಾರೀ,” ಅಂದಳು.

ತಪಾಸಣಾ ನಮೂನೆಯಲ್ಲಿ ಕುರ್ಚಿ, ಹೂಕುಂಡ ಮತ್ತು ನೆಲಹಾಸು ಎಂಬ ಕಲಮುಗಳಷ್ಟೇ ಇದ್ದವು. ಕುರಡಗಿಗೆ ಕಲಮು ಇರಲಿಲ್ಲ. ಇಲ್ಲದ ಕಲಮಿನಲ್ಲಿ ಬರೆಯುವಷ್ಟು ಧೈರ್ಯ ಯಾವ ನೌಕರನಿಗಿದೆ? ಅಭಯ ‘ನೆಲಹಾಸು, ಕೈಕೆಲಸದ್ದು, ಬಿಳಿ’ ಎಂದು ಬರೆದ. ಅರಗು ಚೀಲದಲ್ಲೇ ಉಳಿಯಿತು.

ವರದಿ ಓದಿದ ಸಾಹೇಬರು ಖುದ್ದಾಗಿ ಬಂದರು, ನೋಡಿದರು, ಶಹರದಲ್ಲಿಯೂ ಇಂಥ ನೆಲಹಾಸು ಇಲ್ಲ ಎಂದರು. ‘ಮಾದರಿ ಮಾಳಿಗೆ’ ಎಂಬ ಫಲಕ ಏರಿತು. ಸೋಮವ್ವನಿಗೆ ಶಾಲು ಹೊದಿಸಲಾಯಿತು. ಜೊತೆಗೆ ಒಂದು ಆದೇಶವೂ ಹೊರಟಿತು: ಬಹುಮಾನಿತ ನೆಲಹಾಸು ಸಾರ್ವಜನಿಕ ಆಸ್ತಿಯಾದ್ದರಿಂದ ಅದನ್ನು ಯಾರೂ ಕದಲಿಸಕೂಡದು. ಕಾಗೆಗಳಿಗೂ ಆದೇಶ ಅನ್ವಯಿಸುವಂತೆ ಕೋಲು ಸಮೇತ ಕಾವಲುಗಾರನನ್ನು ನೇಮಿಸಿದೆವು.

ಸೋಮವ್ವ ಶಾಲು ಹೊದ್ದುಕೊಂಡೇ ಕಚೇರಿಗೆ ಬಂದಳು.

“ಸಾಹೇಬ್ರ, ಸೋಮವಾರ ಲಗ್ನ ಐತ್ರಿ. ನನ್ನ ಕುರಡಗಿ ನನಗ ಕೊಡ್ರಿ.”

“ಯಾವ ಕುರಡಗಿ, ಸೋಮವ್ವಾರ? ನಮ್ಮ ದಫ್ತರದಾಗ ಇರೂದು ನೆಲಹಾಸು. ಕುರಡಗಿ ಅಂದ್ರ ನಿಮ್ಮ ಮ್ಯಾಲ ಕೇಸ್ ಆಗತೈತಿ.”

“ಹಂಗಾರ ನೆಲಾನ ಕೊಡ್ರಿ.”

“ನೆಲ ಕಿತ್ತ ಕೊಡಾಕ ಬರೂದಿಲ್ಲ. ನೀವ ತಿಳದವ್ರು, ವಿಚಾರ ಮಾಡ್ರಿ.”

ಸೋಮವ್ವನ ಕಣ್ಣು ತುಂಬಿತು. “ಹುಡಿಗಿ ಮಾರಿ ಹೆಂಗ ನೋಡ್ಲಿ?” ಎಂದು ಅಲ್ಲೇ ಬೆಂಚಿನ ಮೇಲೆ ಕುಸಿದಳು. ನನಗೂ ಕರುಳು ಚುರಕ್ ಎಂದಿತು, ಆದರೆ ಕಚೇರಿ ವೇಳೆಯಾದ್ದರಿಂದ ತೋರಿಸಿಕೊಳ್ಳಲಿಲ್ಲ. ಆಮೇಲೆ ಅವಳು ಆ ಬಹುಮಾನದ ಶಾಲಿನಲ್ಲೇ ಕಣ್ಣೊರೆಸಿಕೊಂಡು ಕೇಳಿದಳು: “ಅಲ್ರೀ, ನೆಲ ಗಟ್ಟಿ ಐತೋ ಇಲ್ಲೋ ಪರೀಕ್ಷಾ ಮಾಡದ ಹೆಂಗ ಇನಾಮ ಕೊಟ್ರಿ?”

ಆಡಿಟ್‌ನವರು ಕೇಳುವ ಪ್ರಶ್ನೆ ಇದು. ಸಾಹೇಬರು ನೆಟ್ಟಗೆ ಕುಳಿತರು.

“ಹೆಂಗ ಮಾಡ್ತಾರ ಆ ಪರೀಕ್ಷಾ?”

“ಕಾದ ಎಣ್ಣ್ಯಾಗ ಬಿಡೂದ್ರಿ. ಅರಳಿದ್ರ ಪಾಸು.”

ಚಹಾದ ಒಲೆಯ ಮೇಲೆ ಬಾಣಲೆ ಇಟ್ಟು, ಮಾಳಿಗೆಯಿಂದ ತರಿಸಿದ ನೆಲಹಾಸಿನ ಒಂದು ತುಂಡನ್ನು ಎಣ್ಣೆಗೆ ಬಿಟ್ಟೆವು. ಅದು ಅರಳಿತು. ಸಾಹೇಬರು ಕಣ್ಣು ಮುಚ್ಚಿ ಅಗಿದರು. “ಬಾಳಿಕಿ ಬಂದೀತೇನು?” ಎಂದು ನನ್ನ ಅಭಿಪ್ರಾಯ ಕೇಳಿದರು. “ಇನ್ನೊಂದ ತುಣಕ ನೋಡಬೇಕಾಗತೈತ್ರಿ,” ಎಂದೆ.

ಅಂದೇ ತಿದ್ದುಪಡಿ ಹೊರಟಿತು. ಸದರಿ ನೆಲಹಾಸನ್ನು ಸೋಮವಾರ, ಸಾಕ್ಷಿದಾರರ ಸಮ್ಮುಖದಲ್ಲಿ, ಸಂಪೂರ್ಣವಾಗಿ ಪರೀಕ್ಷಿಸತಕ್ಕದ್ದು. ಸಾಕ್ಷಿದಾರರು ಸಾಲಾಗಿ ಎಲೆಯ ಮುಂದೆ ಕೂರತಕ್ಕದ್ದು. ಗೃಹಮಟ್ಟದ ಪರೀಕ್ಷೆಗಾಗಿ ಒಂದು ಡಬ್ಬಿ ಅಧ್ಯಕ್ಷರ ಮನೆಗೆ ತಲುಪತಕ್ಕದ್ದು. ಗುಮಾಸ್ತರ ಮನೆಗೂ ಎಂದು ನಾನು ಸಣ್ಣ ಅಕ್ಷರದಲ್ಲಿ ಸೇರಿಸಿದೆ.

ಸೋಮವಾರ ಅಕ್ಷತೆ ಬಿದ್ದಮೇಲೆ ನೇಸರಗಿಯ ಸಾಕ್ಷಿದಾರರೆಲ್ಲ ಕುಳಿತರು. ಮುದಕವ್ವನ ಎಲೆಗೆ ಸೋಮವ್ವ ತಾನೇ ಬಡಿಸಿ, ಅಲ್ಲೇ ನಿಂತಳು. ಮುದಕವ್ವ ಮುರಿದಳು, ಬಾಯಿಗಿಟ್ಟಳು, ನಿಧಾನ ಅಗಿದಳು. ಪಂಗ್ತಿಗೆ ಪಂಗ್ತಿಯೇ ಕೈ ತಡೆದು ಅವಳನ್ನೇ ನೋಡುತ್ತಿತ್ತು.

“ನೆಲ ಛಲೋ ಐತಿ. ಉಪ್ಪ ಒಂಚೂರ ಕಡಿಮಿ,” ಅಂದಳು, ಮತ್ತೊಂದಕ್ಕೆ ಕೈ ಚಾಚಿದಳು. ಅಭಯ ಅದನ್ನು ತಾಂತ್ರಿಕ ಅಭಿಪ್ರಾಯವೆಂದು ದಾಖಲಿಸಿದ. ಬಾಸಿಂಗದ ಹಿಂದೆ ಉಮಾಶ್ರೀ ಕುಲುಕುಲು ನಕ್ಕಳು, ಸೋಮವ್ವ ಮಾತ್ರ ಅತ್ತೇಬಿಟ್ಟಳು.

ಈಗ ನಾಲ್ಕೂ ತಾಲೂಕಿನಲ್ಲಿ ಬೇಸಿಗೆ ಬಂದೊಡನೆ ಮಾಳಿಗೆಗಳಿಗೆ ಹೊಸ ನೆಲಹಾಸು ಬೀಳುತ್ತದೆ. ರಾಮದುರ್ಗದವರು ಕೆಂಪು ಮೆಣಸಿನಕಾಯಿಯ ಅಂಚು ಕೊಡುತ್ತಾರೆ, ಕಿತ್ತೂರಿನವರು ಹಪ್ಪಳದ ಫರಸಿಕಲ್ಲು ಕೂರಿಸುತ್ತಾರೆ. ಓಣಿಯ ಹೆಂಗಸರು ಕೋಲು ಹಿಡಿದು ನೆರಳಲ್ಲಿ ವಿಹರಿಸುತ್ತಾರೆ. ಒಣಗಿಸುವುದರ ಮೇಲಿನ ನಿಷೇಧ ಇಂದಿಗೂ ಕಟ್ಟುನಿಟ್ಟಾಗಿ ಜಾರಿಯಲ್ಲಿದ್ದು, ನಮ್ಮ ವ್ಯಾಪ್ತಿಯಲ್ಲಿ ಒಂದೇ ಒಂದು ಕುರಡಗಿಯನ್ನೂ ಯಾರೂ ಒಣಗಿಸಿಲ್ಲ. ನಿನ್ನೆ ಮಧ್ಯಾಹ್ನ ನನ್ನ ಮನೆಯ ನೆಲಹಾಸು ಎಣ್ಣೆಯಲ್ಲಿ ಬಹಳ ಚೆನ್ನಾಗಿ ಅರಳಿತು.