ಜೋಳ ಹೆಚ್ಚಾಗ್ಯಾವ್ರಿ

ನಮ್ಮ ಕಡೆ ಮನೆಯಲ್ಲಿ ಒಂದು ವಸ್ತು ತೀರಿತೆಂದರೆ ಅದು ‘ಹೆಚ್ಚಾಗುತ್ತದೆ’. ಉಪ್ಪಿನ ಗಡಿಗೆ ಬರಿದಾದರೆ ಉಪ್ಪು ಹೆಚ್ಚಾಗಿದೆ; ಎಣ್ಣೆ ಮುಗಿದರೆ ಎಣ್ಣೆ ಹೆಚ್ಚಾಗಿದೆ. ಕೈಯ ಬಳೆ ಒಡೆದರೂ ಬಳೆ ಹೆಚ್ಚಾಯಿತು ಎನ್ನಬೇಕು, ದೀಪ ಆರಿಸಲು ಹೇಳುವಾಗ ದೀಪ ದೊಡ್ಡದು ಮಾಡು ಎನ್ನಬೇಕು. ಕಾಳುಕಡಿಯ ವಿಷಯದಲ್ಲಿ ‘ಇಲ್ಲ’ ಎಂದು ಬಾಯಿಬಿಟ್ಟರೆ ಮನೆಯ ಲಕ್ಷ್ಮಿ ಅದನ್ನೇ ನಿಜವೆಂದು ತಿಳಿದು ಹೊರಟುಹೋಗುತ್ತಾಳಂತೆ. ನಾನು ಬಬಲೇಶ್ವರದ ಕನ್ನಡ ಸಾಲೆಯಲ್ಲಿ ಮಾಸ್ತರ. ಇಂಥದ್ದನ್ನೆಲ್ಲ ನಂಬಬಾರದೆಂದು ಮಕ್ಕಳಿಗೆ ಹೇಳಿ ಸಂಬಳ ತೆಗೆದುಕೊಳ್ಳುವವನು. ಒಮ್ಮೆ ಮಮದಾಪುರದ ಕಡೆಯ ಒಬ್ಬ ಹುಡುಗಿಗೆ, ಡಬ್ಬಿಯಲ್ಲಿದ್ದ ಐದು ಬೆಲ್ಲದ ಹಳಕಿನಲ್ಲಿ ಐದನ್ನೂ ತಿಂದರೆ ಎಷ್ಟು ಉಳಿಯಿತು ಎಂದು ಕೇಳಿದೆ. ಅವಳು ಎದ್ದು ನಿಂತು ಕೈಕಟ್ಟಿ, “ಹೆಚ್ಚಾಗ್ಯದ್ರಿ” ಅಂದಳು. ಲೆಕ್ಕ ಸರಿಯೋ ತಪ್ಪೋ ಹೇಳಲು ನನಗೆ ಗೊತ್ತಾಗದೆ ಅವಳನ್ನು ಕೂಡಿಸಿ ಪದ್ಯ ಹೇಳಿಸಿದೆ.

ಈ ‘ಹೆಚ್ಚಾಗುವಿಕೆ’ ನನ್ನ ನೆತ್ತಿ ಕಾಯಿಸಿದ್ದು ಯುದ್ಧದ ಕಾಲದಲ್ಲಿ. ಒಂದು ಕಡೆ ಯುದ್ಧ, ಇನ್ನೊಂದು ಕಡೆ ಮಳೆ ಕೈಕೊಟ್ಟಿತ್ತು. ಸಂತೆಗೆ ಕಾಳು ಬರುವುದೇ ನಿಂತಿತ್ತು. ಮೈಯಲ್ಲಿ ಶಕ್ತಿ ಇದ್ದವರು ಸರಕಾರದ ರಸ್ತೆ ಕೆಲಸಕ್ಕೆ ಹೋಗಿ ಖಡಿಕಲ್ಲು ಒಡೆದು ಹೊಟ್ಟೆ ಹೊರೆಯುತ್ತಿದ್ದರು. ದುಡಿಯಲಾರದ ಕುರುಡರು, ಕುಂಟರು, ಹಣ್ಣು ಮುದುಕರಿಗೆ ಸರಕಾರ ಪುಕ್ಕಟೆ ಜೋಳ ಕೊಡುತ್ತದೆಂದು ಡಂಗುರ ಸಾರಿದರು. ಅದಕ್ಕೆ ಮೂರು ಕಟ್ಟಳೆ: ಮೈ ದುಡಿಯುವಂತಿರಬಾರದು, ಸಾಕುವ ಮಕ್ಕಳು ಇರಬಾರದು, ಮನೆಯಲ್ಲಿ ಕಾಳು ಇರಬಾರದು. ಈ ಮೂರೂ ‘ಇರಬಾರದು’ಗಳನ್ನು ಒಂದೇ ಮೈಮೇಲೆ ಹೊತ್ತವಳು ನಮ್ಮ ಬಾಜೂ ಮನೆಯ ನೀಲವ್ವ. ಊರಿಗೆಲ್ಲ ಅಜ್ಜಿಯಾದ್ದರಿಂದ ಎಲ್ಲರ ಬಾಯಲ್ಲೂ ಆಯಿ. ಎರಡೂ ಕಣ್ಣು ಹೋಗಿ ಬಹಳ ಕಾಲವಾಗಿತ್ತು. ಗಂಡ, ಮಕ್ಕಳು ಯಾರೂ ಇರಲಿಲ್ಲ. ಅವರಿವರ ಮನೆಯ ಜೋಳ ಬೀಸಿಕೊಟ್ಟು, ಕೂಲಿಗೆಂದು ಸಿಕ್ಕ ಹಿಟ್ಟಿನಲ್ಲಿ ರೊಟ್ಟಿ ಬಡಿದುಕೊಳ್ಳುತ್ತಿದ್ದಳು. ಈಗ ಬೀಸಿಸುವವರ ಮನೆಯಲ್ಲೇ ಕಾಳಿರಲಿಲ್ಲ. ಸರಕಾರದ ಜೋಳ ಸಿಗದಿದ್ದರೆ ಆಯಿ ಮುಂದಿನ ಅಮಾವಾಸ್ಯೆ ಕಾಣುತ್ತಿರಲಿಲ್ಲ. ಇದು ಉತ್ಪ್ರೇಕ್ಷೆಯಲ್ಲ, ಅವಳ ಕೆನ್ನೆ ನೋಡಿದವರಿಗೆ ಗೊತ್ತಿತ್ತು. ನಮ್ಮ ಮನೆಯಿಂದ ಯಾಕೆ ಕೊಡಲಿಲ್ಲ ಎಂದು ನೀವು ಕೇಳಬಹುದು. ತಿಕೋಟಾದ ನನ್ನ ಭಾವಮೈದುನ ಒಂದು ಚೀಲ ಜೋಳ ಕಳಿಸುತ್ತೇನೆ ಎಂದಿದ್ದ, ಅವನ ಚಕ್ಕಡಿಯ ದಾರಿ ನೋಡುತ್ತಿದ್ದೆವು. ಸದ್ಯಕ್ಕೆ ಇಷ್ಟು ಸಾಕು.

ಹೆಸರು ಬರೆದುಕೊಳ್ಳಲು ವಿಜಾಪುರದಿಂದ ಒಬ್ಬ ಸಾಹೇಬರು ಬಂದರು. ಕರಾವಳಿಯ ಕಡೆಯವರು, ನಮ್ಮ ಜಿಲ್ಲೆಗೆ ಹೊಸಬರು. ಒಳ್ಳೆಯವರೇ, ಆದರೆ ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯುವವರು. ಅವರು ಬಂದಾಗ ನಾನು ಸಾಲೆಯಲ್ಲಿದ್ದೆ. ನಡೆದದ್ದನ್ನು ಆಮೇಲೆ ಆಯಿಯೇ ಬಲು ಹಿಗ್ಗಿನಿಂದ ಹೇಳಿದಳು.

“ಭಾಳ ಚಲೋ ಮನಶ್ಯಾರಿ. ಬಂದಕೂಡ್ಲೆ ಊಟ ಆಯಿತಾ ಅಜ್ಜೀ ಅಂತ ಕೇಳಿದ್ರು. ಆತ್ರಿ ಯಪ್ಪಾ ಅಂದೆ. ಆರೋಗ್ಯ ಹ್ಯಾಂಗ ಅಂದ್ರು. ಆರಾಮ ಅದೀನ್ರಿ ಅಂದೆ. ಮನೆಯಲ್ಲಿ ಜೋಳ ಉಂಟೋ ಅಂದ್ರು. ಹೆಚ್ಚಾಗ್ಯಾವ್ರಿ ಅಂದೆ.”

“ಮತ್ತ ಅವ್ರೇನಂದ್ರು?”

“ಸಂತೋಷ ಅಂದ್ರು. ಹಂಗ ಮುಂದಿನ ಊರು ನಿಡೋಣಿಗೆ ಹ್ವಾದ್ರು.”

ನಾನು ತಲೆ ಮೇಲೆ ಕೈಹೊತ್ತು ಕುಳಿತೆ. ಉಂಡಿದ್ದಾಳೆ, ಆರಾಮಿದ್ದಾಳೆ, ಮನೆಯಲ್ಲಿ ಜೋಳ ಹೆಚ್ಚಾಗಿ ಬಿದ್ದಿದೆ. ಇಂಥ ಸುಖಿಗೆ ಜೋಳ ಕೊಡುವ ಸರಕಾರ ಯಾವುದಿದ್ದೀತು? ಆ ಕ್ಷಣವೇ ಹಟ ತೊಟ್ಟೆ. ಆಯಿಗೆ ಜೋಳ ಕೊಡಿಸದೆ ಬಿಡುವುದಿಲ್ಲ ಅಂದೆ. ನಮ್ಮಾಕೆ ಒಳಗಿನಿಂದ, “ಹಟಾ ಮಾಡೂದು ನಿಮಗೇನ ಹೊಸಾದಲ್ಲ ಬಿಡ್ರಿ” ಅಂದಳು. ಅದನ್ನು ಹೊಗಳಿಕೆಯೆಂದೇ ತಿಳಿದುಕೊಂಡೆ.

ರವಿವಾರ ವಿಜಾಪುರಕ್ಕೆ ಹೋದೆ. ಪೆಟ್ರೋಲು ಸಿಗದ ಕಾಲ. ಮೋಟಾರಿನ ಹಿಂದೆ ಒಂದು ಒಲೆ ಕಟ್ಟಿ, ಇದ್ದಿಲು ಉರಿಸಿ, ಅದರ ಹೊಗೆಯ ಮೇಲೆ ಓಡಿಸುತ್ತಿದ್ದರು. ಜೈನಾಪುರದ ಹತ್ತಿರ ಬರುತ್ತಲೇ ಅದು ದಮ್ಮು ಕಟ್ಟಿ ನಿಂತಿತು. ಟಿಕೀಟು ಕೊಂಡವರೆಲ್ಲ ಇಳಿದು ನೂಕಿದೆವು. ಹೀಗೆ ಅರ್ಧ ಕೂತು ಅರ್ಧ ನೂಕಿ, ಮುಖಕ್ಕೆ ಮಸಿ ಬಳಿದುಕೊಂಡು ಸಾಹೇಬರ ಮನೆಯ ಮುಂದೆ ನಿಂತಾಗ, ನಾನೇ ಕಾಳಿಗೆ ಬಂದವನೆಂದು ಅವರ ಜವಾನ ನನ್ನನ್ನು ಹಿತ್ತಲಿಗೆ ಕಳಿಸಿದ.

ಸಾಹೇಬರು ಸಮಾಧಾನದಿಂದ ಕೇಳಿದರು. ಆಮೇಲೆ ಹೇಳಿದರು: “ಮಾಸ್ತರರೇ, ಇಲ್ಲದ್ದಕ್ಕೆ ಹೆಚ್ಚಾಗಿದೆ ಎನ್ನುವ ಭಾಷೆ ಭೂಮಿಯ ಮೇಲೆ ಉಂಟೋ?”

“ಅದರೀ. ಬಬಲೇಶ್ವರದಾಗ ಅದ.”

“ನೀವು ಪಕ್ಕದ ಮನೆಯವರು. ನಿಮ್ಮ ಮಾತಿನ ಮೇಲೆ ನಾನು ತಿದ್ದಲಿಕ್ಕಾಗುವುದಿಲ್ಲ. ಗುರುವಾರ ಇನ್ನೊಮ್ಮೆ ಬರುತ್ತೇನೆ. ಅಜ್ಜಿ ತನ್ನ ಬಾಯಿಂದ ಇಲ್ಲ ಎಂದರೆ ಆಯಿತು.”

ಎರಡಕ್ಷರದ ಮಾತು. ಮೂಢ ಮಕ್ಕಳಿಗೆ ಮಗ್ಗಿ ಕಲಿಸಿದವನು ನಾನು, ಇದನ್ನು ಕಲಿಸಲಾರೆನೇ ಎಂಬ ಧೈರ್ಯದಿಂದ ಊರಿಗೆ ಬಂದು, ಸಂಜೆಗೇ ಆಯಿಯ ಕಟ್ಟೆಯ ಮೇಲೆ ಪಾಠ ಶುರುಮಾಡಿದೆ.

“ಆಯಿ, ನಾ ಸಾಹೇಬ ಅಂತ ತಿಳಕೋ. ಮನ್ಯಾಗ ಜೋಳ ಅದಾವೇನು?”

“ಹೆಚ್ಚಾಗ್ಯಾವ್ರಿ.”

“ಇಲ್ಲ ಅನ್ನು.”

“ಆ ಮಾತು ನನ್ನ ಬಾಯಾಗ ಬರಂಗಿಲ್ಲ.”

“ಈಗ ಬರಂಗಿಲ್ಲ ಅಂದಿಯಲ್ಲ, ಅದರಾಗ ಇಲ್ಲ ಅದ. ಅಷ್ಟ ಕಡದು ಹೇಳು.”

“ನಿಮಗೇನ ಬುದ್ಧಿ ಇಲ್ಲೇನ್ರಿ ಮಾಸ್ತರ?”

ನನ್ನ ಬುದ್ಧಿಯ ವಿಷಯದಲ್ಲಿ ಇಲ್ಲ ಎನ್ನಲು ಆಯಿಯ ನಾಲಿಗೆಗೆ ಯಾವ ತೊಡಕೂ ಇರಲಿಲ್ಲ. ಜೋಳದ ಮಾತಿಗೆ ಬಂದರೆ ಮಾತ್ರ ತುಟಿ ಹೊಲಿದುಕೊಳ್ಳುತ್ತಿದ್ದಳು. “ಇಲ್ಲ ಅನ್ನು ಆಯಿ. ಎರಡ ಅಕ್ಷರ. ನಾಲಿಗಿ ಸುಡಂಗಿಲ್ಲ” ಎಂದು ಗೋಗರೆದೆ. ಕಡೆಗೆ ರೇಗಿ, “ನೀ ನಪಾಸ” ಎಂದೆ. ಆಯಿ ನಕ್ಕಳು. ಆಮೇಲೆ ನಗು ಬಿಟ್ಟು ಹೇಳಿದಳು: “ನೋಡ್ರಿ, ಇವತ್ತ ನಾ ಇಲ್ಲ ಅಂದೆ ಅಂದ್ರ, ನಾಳೆ ಬರೂ ಜೋಳ ಬಾಗಲದಾಗ ಕೇಳಿ ಹೊಳ್ಳಿ ಹೋಗ್ತಾವ. ಉಪಾಸ ಇದ್ದೇನು, ಬಂದ ಕಾಳ ಹೊಳ್ಳಸಂಗಿಲ್ಲ.” ನನಗೆ ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು. ನನ್ನ ಹಟಕ್ಕಿಂತ ಅವಳ ಹಟ ಹಳೆಯದಿತ್ತು.

ಗುರುವಾರ ಸಾಹೇಬರು ಬಂದರು. ನಾನು ಸಾಲೆಗೆ ರಜೆ ಹಾಕಿ ಎದುರಿಗೇ ನಿಂತೆ. ಅವರು ಕಟ್ಟೆಯ ಮೇಲೆ ಕುಳಿತು, “ಅಜ್ಜೀ, ಮನೆಯಲ್ಲಿ ಜೋಳ ಉಂಟೋ?” ಎಂದು ಕೇಳಿದರು. ನಾನು ತುಟಿ ಅಗಲಿಸಿ, ತಲೆ ಅಲ್ಲಾಡಿಸಿ, ಎರಡೂ ಕೈ ಬೀಸಿ ‘ಇಲ್ಲ’ ಎಂದು ಸನ್ನೆ ಮಾಡಿದೆ. ಆಯಿಗೆ ಕಣ್ಣಿಲ್ಲವೆಂಬುದು ನೆನಪಾದದ್ದು ಸಾಹೇಬರು ನನ್ನನ್ನು ಅನುಮಾನದಿಂದ ನೋಡಿದಾಗ. ಆಯಿ ಗಂಟಲು ಸರಿಮಾಡಿಕೊಂಡಳು.

“ಹೆಚ್ಚಾಗ್ಯಾವ್ರಿ.”

ಸಾಹೇಬರು ಲೇಖಣಿ ಮುಚ್ಚಿದರು. ಮುಗಿಯಿತು ಅಂದುಕೊಂಡೆ. ಬಿಸಿಲು ರಣರಣ ಹೊಡೆಯುತ್ತಿತ್ತು. ಏಳುತ್ತ ಅವರು, “ಕುಡಿಯಲಿಕ್ಕೆ ಸ್ವಲ್ಪ ನೀರು ಸಿಕ್ಕೀತೇ?” ಅಂದರು. ಆಯಿ ಗಡಬಡಿಸಿ ಎದ್ದಳು. ನಮ್ಮಲ್ಲಿ ಬಂದವರಿಗೆ ಬರೀ ನೀರು ಕೊಡುವುದಿಲ್ಲ, ಜೊತೆಗೆ ಒಂದು ಹಳಕು ಬೆಲ್ಲ ಇಡಬೇಕು. ಒಳಗೆ ಡಬ್ಬಿ ತಡಕಾಡಿದ ಸಪ್ಪಳ ಕೇಳಿತು. ಆಮೇಲೆ ಆಯಿ ಗೋಡೆಯ ಮೇಲಿಂದ ನಮ್ಮಾಕೆಯನ್ನು ಕೂಗಿದಳು:

“ಯವ್ವಾ, ಬೆಲ್ಲ ಹೆಚ್ಚಾಗ್ಯದ ಬೇ. ಒಂದು ಹಳಕ ಕೊಡು, ಸಾಹೇಬ್ರು ಬಂದಾರ.”

ಗೋಡೆಯ ಆಚೆಯಿಂದ ನಮ್ಮಾಕೆ ಅಂದಳು: “ಆಯಿ, ನಮ್ಮಲ್ಲೂ ಹೆಚ್ಚಾಗ್ಯದ.”

ಸಾಹೇಬರು ಎದ್ದವರು ಹಾಗೆಯೇ ನಿಂತರು. ನಾನು ಸುಮ್ಮನೆ ಕೆಮ್ಮಿದೆ.

“ಅಜ್ಜೀ, ಬೆಲ್ಲ ಹೆಚ್ಚಾಗಿದ್ದರೆ ಅವರ ಹತ್ತಿರ ಯಾಕೆ ಕೇಳಿದ್ದು?”

“ಹೆಚ್ಚಾಗಿದ್ದಕ್ಕ ಕೇಳೀನ್ರಿ ಯಪ್ಪಾ. ಇದ್ದಿದ್ದರ ಯಾಕ ಕೇಳ್ತಿದ್ದೆ?”

ಸಾಹೇಬರು ಬರೀ ನೀರನ್ನು ಪೂರಾ ಕುಡಿದರು. ತಂಬಿಗೆಯನ್ನು ಆಯಿಯ ಕೈಗೇ ಕೊಟ್ಟು, ಮತ್ತೆ ಕಟ್ಟೆಯ ಮೇಲೆ ಕುಳಿತು, ಲೇಖಣಿ ತೆಗೆದು ಹೆಸರು ಬರೆದುಕೊಂಡರು. ಹೊರಡುವಾಗ ನನ್ನ ಕಡೆ ತಿರುಗಿ, ಹಿಂದಿನ ವಾರ ನಿಡೋಣಿಯಲ್ಲಿ ಎಷ್ಟೋ ಮನೆಯವರು ಹೀಗೇ ಹೇಳಿದ್ದರೆಂದೂ, ಈಗಲೇ ಅಲ್ಲಿಗೆ ಹೊರಳಿ ಹೋಗಬೇಕೆಂದೂ ಹೇಳಿ, ಬಿಸಿಲಿನಲ್ಲೇ ನಡೆದರು. ನನಗೆ ಅವರ ಮೇಲೆ ಆ ಹೊತ್ತು ಬಹಳ ಪ್ರೀತಿ ಬಂತು.

ಆಯಿಗೆ ಜೋಳ ಬಂತು. ಊರಲ್ಲಿ ನಾನು ಎದೆಯುಬ್ಬಿಸಿ ತಿರುಗಿದೆ. ನೋಡಿದವರಿಗೆಲ್ಲ ವಿಜಾಪುರದ ಕಥೆ ಹೇಳಿದೆ, ಮೋಟಾರು ನೂಕಿದ್ದನ್ನು ಸ್ವಲ್ಪ ಉದ್ದ ಮಾಡಿಯೇ ಹೇಳಿದೆ. ಮರುದಿನ ಮಧ್ಯಾಹ್ನ ಆಯಿ ಗೋಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಉಡಿ ತುಂಬಿತ್ತು.

“ಮಾಸ್ತರ, ನಿಮ್ಮ ಮನಿ ಬೀಸುಕಲ್ಲಿನ ಸಪ್ಪಳ ಕೇಳಲಾರದ ಭಾಳ ದಿವಸ ಆತು.”

“ಊಟ ಆತು ಆಯಿ,” ಅಂದೆ. “ಆರಾಮ ಅದೀವಿ.”

“ಅದನ್ನೆಲ್ಲಿ ಕೇಳೀನ್ರಿ ನಾ? ಜೋಳ ಅದಾವೇನು?”

ತಿಕೋಟಾದ ಚಕ್ಕಡಿ ಬಂದಿರಲಿಲ್ಲ. ಎಂದೂ ಬರಲಿಲ್ಲ. ಒಳಗಿನ ಬಾಗಿಲಲ್ಲಿ ನಮ್ಮಾಕೆ ಮೊರ ಹಿಡಿದು, ನೆಲ ನೋಡುತ್ತ ನಿಂತಿದ್ದಳು.

“ಇಲ್ಲ ಅನ್ರಿ ಮಾಸ್ತರ,” ಅಂದಳು ಆಯಿ ಮೆಲ್ಲಗೆ. “ಎರಡ ಅಕ್ಷರ. ನಾಲಿಗಿ ಸುಡಂಗಿಲ್ಲ.”

ನಾನು ಎಷ್ಟು ಒದ್ದಾಡಿದೆನೆಂಬುದು ನನಗೊಬ್ಬನಿಗೇ ಗೊತ್ತು.

“ಹೆಚ್ಚಾಗ್ಯಾವ ಆಯಿ,” ಅಂದೆ.

“ನಪಾಸ,” ಅಂದು ಆಯಿ, ಕೈಯಿಂದ ತಡವಿ ಮೊರ ಹುಡುಕಿ, ಉಡಿಯ ಜೋಳವನ್ನು ಸುರುವಿದಳು.